ಊರ ದುಡ್ಡು, ಊರ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಾನು ಕುಷ್ಟಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ಸದಸ್ಯೆ. ಈ ಸಲದ ಕ್ರಿಯಾ ಯೋಜನೆಯಲ್ಲಿ ಊರ ಮುಂದೆ ಸ್ವಾಗತ ಕಮಾನು ಸೇರಿಸಬೇಕು ಅಂತ ಹಿರಿಯ ಸದಸ್ಯರು ಪಟ್ಟು ಹಿಡಿದಿದ್ದಾರೆ. ಇತ್ತ ಶುದ್ಧ ನೀರಿನ ಘಟಕ ಕೆಟ್ಟು ನಿಂತು ವರ್ಷವಾಯ್ತು. ರಿಪೇರಿ ಮಾಡಿಸೋಣ ಅಂದ್ರೆ ‘ಅದಕ್ಕೆ ಬೇರೆ ಅನುದಾನ ಬರ್ತದೆ, ಬಿಡವ್ವ’ ಅಂತಾರೆ. ಕಂದಾಯದ ಮಾತೆತ್ತಿದರೆ ಓಟು ಹೋಗ್ತವೆ ಅಂತಾರೆ. ನಾನೇನು ಮಾಡಲಿ?

ಉತ್ತರ: ತಂಗಿ, ಕಮಾನಿಗೆ ಒಪ್ಪಿಗೆ ಕೊಡಬೇಡಿ. ಸಭೆಯಲ್ಲಿ ನೀವೊಬ್ಬರೇ ಬೇಡ ಅಂದರೂ ಪರವಾಗಿಲ್ಲ. ನಿಮ್ಮ ವಿರೋಧವನ್ನ ನಡಾವಳಿಯಲ್ಲಿ ಬರೆಸಿ.

ಕೊಪ್ಪಳ, ರಾಯಚೂರು ಜಿಲ್ಲೆಗಳ ಪಂಚಾಯ್ತಿ ಲೆಕ್ಕ ತಪಾಸಣೆ ಮಾಡುತ್ತಲೇ ನನ್ನ ನೌಕರಿ ಮುಗಿಯಿತು. ಹೋದಲ್ಲೆಲ್ಲ ಕಂಡದ್ದು ಇದೇ. ಸಮುದಾಯ ಭವನ, ಸಿಸಿ ರಸ್ತೆ, ಕಮಾನು ವರ್ಷ ವರ್ಷ ಏರುತ್ತವೆ. ಅವನ್ನ ನೋಡಿಕೊಳ್ಳೋ ಖರ್ಚಿಗೆ ಬಜೆಟ್ಟಿನಲ್ಲಿ ಜಾಗವೇ ಇರೋದಿಲ್ಲ. ಹೊಸ ಕಾಮಗಾರಿಗೆ ಭೂಮಿಪೂಜೆ ಇದೆ, ಹೆಸರು ಕೆತ್ತಿದ ಕಲ್ಲಿದೆ, ಗುತ್ತಿಗೆದಾರರ ಓಡಾಟ ಇದೆ. ಸುಟ್ಟ ಮೋಟಾರಿಗೆ ಇವು ಯಾವುವೂ ಇಲ್ಲ. ಹಾಗಾಗಿ ಅದರ ಪರವಾಗಿ ಮಾತಾಡೋರು ಒಬ್ಬರಾದರೂ ಸಭೆಯಲ್ಲಿ ಇರಬೇಕು. ನಿಮ್ಮೂರಲ್ಲಿ ಅದು ನೀವು.

‘ಬೇರೆ ಅನುದಾನ’ ಅಂತ ಕಾಯೋದು ಯಾಕೆ? 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯ್ತಿಗಳಿಗೆ ಕೊಟ್ಟ ಹಣದಲ್ಲಿ ನೂರಕ್ಕೆ 60 ಭಾಗ ಕುಡಿಯೋ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಅದನ್ನ ಮುಟ್ಟಿ ಕಮಾನು ಕಟ್ಟುವಂತಿಲ್ಲ. ನಿಮ್ಮ ಪಂಚಾಯ್ತಿಗೆ ಈ ಲೆಕ್ಕದಲ್ಲಿ ಎಷ್ಟು ಬಂತು, ಎಷ್ಟು ಉಳಿದಿದೆ ಅಂತ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಬರೆದು ಕೇಳಿ. ಬಾಯಿ ಮಾತಲ್ಲಿ ಕೇಳಿದರೆ ಉತ್ತರವೂ ಬಾಯಿ ಮಾತಲ್ಲೇ ಬರುತ್ತದೆ.

ನಮ್ಮ ಸೀಮೆಯಲ್ಲಿ ಈ ಘಟಕ ಶೋಕಿಗೆ ಇಟ್ಟದ್ದಲ್ಲ. ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕೊಪ್ಪಳ, ರಾಯಚೂರಿನ ಎಷ್ಟೋ ಬೋರುಗಳಲ್ಲಿ ಅದು ದಾಟಿದೆ. ಘಟಕ ನಿಂತ ದಿನದಿಂದ ಜನ ಮತ್ತೆ ಅದೇ ಬೋರಿನ ನೀರು ಕುಡೀತಾರೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತವೆ, ವಯಸ್ಸಾದವರ ಮೊಣಕಾಲು ಬಾಗುತ್ತವೆ. ಇದನ್ನ ನೋಡಿಯೂ ಕಮಾನಿಗೆ ದುಡ್ಡಿಡೋದು ನನ್ನ ಮಟ್ಟಿಗೆ ಅನ್ಯಾಯ.

ರಿಪೇರಿ ಆದಮೇಲೆ ಮತ್ತೆ ಕೆಡದ ಹಾಗೆ ನೋಡ್ಕೋಬೇಕಲ್ವಾ? ಐದು ರೂಪಾಯಿ ಕಾಯಿನ್‌ಗೆ 20 ಲೀಟರ್ ಕೊಟ್ಟು, ದಿನಕ್ಕೆ ನೂರು ಕ್ಯಾನ್ ಹೋಯ್ತು ಅನ್ನಿ. ದಿನಕ್ಕೆ 500, ತಿಂಗಳಿಗೆ 15,000 ರೂಪಾಯಿ. ನೋಡಿಕೊಳ್ಳೋ ಹುಡುಗನ ಪಗಾರ, ಕರೆಂಟ್ ಬಿಲ್ಲು, ನೀರು ಸೋಸೋ ಕ್ಯಾಂಡಲ್ ಎಲ್ಲಾ ಇದರಲ್ಲೇ ನಡೀಬೇಕು. ಫ್ಲೋರೈಡ್ ತಡೆಯೋ ಪೊರೆ, ಅಂದ್ರೆ ಮೆಂಬ್ರೇನ್ ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು, ನೀರು ಗಡುಸಿದ್ದರೆ ಇನ್ನೂ ಬೇಗ. ಅದರ ಖರ್ಚು ಒಮ್ಮೆಗೇ ಬರುತ್ತದೆ, ಆಗ ಕೈಯಲ್ಲಿ ಕಾಸಿರಲ್ಲ. ಘಟಕ ಸಾಯೋದೇ ಅಲ್ಲಿ. ಆದ್ದರಿಂದ ಮೊದಲ ತಿಂಗಳಿಂದಲೇ ಒಂದಿಷ್ಟು ದುಡ್ಡು ಬೇರೆ ಖಾತೆಗೆ ಹಾಕಿಡಿ. ಕಾಯಿನ್ ಪೆಟ್ಟಿಗೆಯನ್ನ ವಾರಕ್ಕೊಮ್ಮೆ ಇಬ್ಬರು ಸದಸ್ಯರ ಮುಂದೆ ತೆಗೆದು, ಎಣಿಸಿ, ಬಂದ ಮೊತ್ತವನ್ನ ಘಟಕದ ಗೋಡೆ ಮೇಲೆ ಬರೆಸಿ.

ಇನ್ನು ಕಂದಾಯ. ದರ ಏರಿಸಿ ಅಂತ ನಾನು ಹೇಳಲ್ಲ. ಬಡವರ ಮನೆ ಮೇಲೆ ಹೊರೆ ಹಾಕೋದು ಕಡೆಯ ಮಾತು. ಮೊದಲು ಬೇಡಿಕೆ, ವಸೂಲಿ, ಬಾಕಿ ಇರೋ ರಿಜಿಸ್ಟರ್ ತರಿಸಿ ನೋಡಿ. ದೊಡ್ಡ ಬಾಕಿ ಹೆಚ್ಚಾಗಿ ಇರೋದು ದೊಡ್ಡವರದೇ: ಗೋದಾಮು, ರೈಸ್ ಮಿಲ್ಲು, ಮೊಬೈಲ್ ಟವರ್. ನೂರಿನ್ನೂರು ರೂಪಾಯಿ ಬಾಕಿ ಇರೋ ಅಜ್ಜಿಗೆ ನೋಟಿಸು ಕೊಟ್ಟು ಇವರನ್ನ ಬಿಟ್ಟರೆ ಯಾರೂ ಮುಂದೆ ಬಂದು ಕಟ್ಟಲ್ಲ. ದೊಡ್ಡವರಿಂದ ಶುರು ಮಾಡಿ. ಕಂದಾಯ ಕಟ್ಟಿದವನು ‘ನನ್ನ ದುಡ್ಡು ಎಲ್ಲಿ ಹೋಯ್ತು’ ಅಂತ ಕೇಳೇ ಕೇಳ್ತಾನೆ. ಬೆಂಗಳೂರಿಂದ, ದಿಲ್ಲಿಯಿಂದ ಬಂದ ದುಡ್ಡಿಗೆ ಊರಲ್ಲಿ ಆ ಪ್ರಶ್ನೆ ಕೇಳೋರೇ ಇರಲ್ಲ.

ಹಳೇದನ್ನ ಕಾಯದಿದ್ದರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿ ಹೋಯ್ತು. 1953ರ ಕಾಲದ ಅಣೆಕಟ್ಟೆ, 33 ಗೇಟು, ಆಗ ಎಲ್ಲವೂ ಹಳೇವು. ನೀರು ತಡೆಯೋ ತಾತ್ಕಾಲಿಕ ತಡೆಗೋಡೆ (ಸ್ಟಾಪ್‌ಲಾಗ್) ಇಳಿಸೋ ಹೊತ್ತಿಗೆ ವಾರ ಹಿಡಿಯಿತು. ಮರುವರ್ಷ ಪೂರ್ತಿ ತುಂಬಿಸದೆ 80 ಟಿಎಂಸಿ ಆಸುಪಾಸಿಗೇ ನೀರು ನಿಲ್ಲಿಸಬೇಕಾಯ್ತು. ಗೇಟು ಬದಲಿಸೋ ಕೆಲಸಕ್ಕಾಗಿ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಭತ್ತದ ರೈತರು ಎರಡನೇ ಬೆಳೆ ಬಿಡಬೇಕಾಯ್ತು. ಗೇಟಿನ ಖರ್ಚು ಒಂದು ಕಡೆ ಇಡಿ, ಕಳೆದುಕೊಂಡ ಆ ಬೆಳೆಯ ಬೆಲೆ ಒಂದು ಕಡೆ ಇಡಿ. ನಿಮ್ಮ ಹಿರಿಯ ಸದಸ್ಯರಿಗೆ ಈ ಲೆಕ್ಕ ಹೇಳಿ. ಅವರಲ್ಲೂ ಕಾಲುವೆ ನೀರು ನಂಬಿದ ಬೀಗರು, ನೆಂಟರು ಇರ್ತಾರೆ.

ಪ್ರಶ್ನೆ: ನಮ್ಮದು ಸಂಡೂರು. ಗಣಿ ಧೂಳು ಕುಡಿದೋರು ನಾವು. ಜಿಲ್ಲಾ ಖನಿಜ ನಿಧಿಯ ದುಡ್ಡು ಖಾತೆಯಲ್ಲಿ ಕೂತಿರೋದು ಯಾಕೆ? ಎಲ್ಲಾ ಖರ್ಚು ಮಾಡಿ ಅಂತ ಕೇಳೋದು ತಪ್ಪಾ?

ಉತ್ತರ: ಕೇಳೋದು ತಪ್ಪಲ್ಲ ತಮ್ಮಾ. ಅದು ನಿಮ್ಮ ಹಕ್ಕಿನ ದುಡ್ಡೇ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಈ ನಿಧಿ ಬಂತು. ಹಳೇ ಗುತ್ತಿಗೆಯವರು ಅದಿರಿಗಾಗಿ ಸರ್ಕಾರಕ್ಕೆ ಕಟ್ಟೋ ರಾಯಲ್ಟಿಯ ಮೇಲೆ ಅದರ ಶೇ 30ರಷ್ಟು, ಹರಾಜಿನಲ್ಲಿ ಗಣಿ ಪಡೆದವರು ಶೇ 10ರಷ್ಟು ಇದಕ್ಕೆ ಕಟ್ಟಬೇಕು. 2024ರ ಮಾರ್ಗಸೂಚಿ ಪ್ರಕಾರ ಕನಿಷ್ಠ ಶೇ 70 ಭಾಗ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಕೆಲಸಕ್ಕೇ ಹೋಗಬೇಕು.

ಆದರೆ ‘ಎಲ್ಲಾ ಖರ್ಚು ಮಾಡಿ’ ಅನ್ನೋದನ್ನ ನಾನು ಒಪ್ಪಲ್ಲ. ಅದಿರು ಒಮ್ಮೆ ತೆಗೆದರೆ ಮುಗೀತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸಾಲ ಮಾಡಿ ಲಾರಿ ತಗೊಂಡವರ ಗತಿ ಏನಾಯ್ತು ಅಂತ ನಿಮಗೇ ಗೊತ್ತು. ಅದೇ ಮಾರ್ಗಸೂಚಿಯಲ್ಲಿ ವರ್ಷದ ಆದಾಯದ ಶೇ 10ರವರೆಗೆ ದತ್ತಿ ನಿಧಿಯಾಗಿ ಎತ್ತಿಡೋಕೆ ಅವಕಾಶ ಇದೆ. ಗಣಿ ಮುಚ್ಚಿದ ಮೇಲೂ ಜನರ ಬದುಕು ನಡೀಲಿ ಅಂತ ಇಟ್ಟ ಅವಕಾಶ ಅದು. ಬಳ್ಳಾರಿಗೆ ಇದು ಬೇರೆಯವರಿಗಿಂತ ಜಾಸ್ತಿ ಬೇಕು. ಆಸ್ಪತ್ರೆ ಕಟ್ಟೋ ಮುಂಚೆ ಅಲ್ಲಿ ಕೂರೋ ಡಾಕ್ಟರು, ನರ್ಸುಗಳ ಪಗಾರ ಮುಂದೆ ಎಲ್ಲಿಂದ ಬರುತ್ತೆ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಇರೋ ಆಸ್ಪತ್ರೆಯನ್ನೇ ಸರಿಮಾಡಿ ಅನ್ನಿ.

ಪ್ರಶ್ನೆ: ಮಿತವ್ಯಯ ಅಂತ ಬರೀತೀರಿ. ಹಾಗಾದ್ರೆ ಗೃಹಲಕ್ಷ್ಮಿಯ 2,000 ರೂಪಾಯಿ ನಿಲ್ಲಿಸಬೇಕಾ? (ಮಾನ್ವಿಯ ಓದುಗರು)

ಉತ್ತರ: ಬಡ ಹೆಣ್ಣುಮಗಳ ಖಾತೆಗೆ ನೇರ ಹೋಗೋ ದುಡ್ಡಿನ ಮೇಲೆ ನನಗೆ ಸಿಟ್ಟಿಲ್ಲ ಅಕ್ಕಾ. ನಡುವೆ ತಿನ್ನೋ ಕೈಗಳಿಲ್ಲ ಅನ್ನೋದೇ ಅದರ ದೊಡ್ಡ ಗುಣ. ನನ್ನ ತಕರಾರು ಬೇರೆ. ಐದು ಗ್ಯಾರಂಟಿಗಳಿಗೆ 2024–25ರ ಬಜೆಟ್ಟಿನಲ್ಲಿ ಇಟ್ಟದ್ದು ಸುಮಾರು 52,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಖರ್ಚಿನಲ್ಲಿ ಅನುಕೂಲಸ್ಥರನ್ನೂ ಸೇರಿಸೋದು ಯಾಕೆ? 2002ರಲ್ಲಿ ದೇಶದಲ್ಲೇ ಮೊದಲು, ಸರ್ಕಾರದ ಸಾಲ, ಕೊರತೆಗೆ ಮಿತಿ ಹಾಕೋ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಆ ಶಿಸ್ತು ಬಿಡಬಾರದು. ನಿಜಕ್ಕೂ ಬೇಕಾದವರಿಗೆ ತಪ್ಪದೆ ತಿಂಗಳಿಗೆ ತಿಂಗಳು ಕೊಡಲಿ, ಬೇಡವಾದವರನ್ನ ಬಿಡಲಿ.

ಪ್ರಶ್ನೆ: ಪಂಚಾಯ್ತಿ ಲೆಕ್ಕ ಕೇಳೋಕೆ ಹೋದ್ರೆ ‘ನೀನ್ಯಾರು’ ಅಂತಾರೆ. ಎಲ್ಲಿ ಕೇಳ್ಬೇಕು?

ಉತ್ತರ: ಜಮಾಬಂದಿಯಲ್ಲಿ. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದ ತನಕ ಪಂಚಾಯ್ತಿಗಳಲ್ಲಿ ನಡೆಯುತ್ತದೆ. ಹಿಂದಿನ ವರ್ಷದ ಜಮಾ ಖರ್ಚು ಜನರ ಮುಂದೆ ಓದಬೇಕು, ಕಾಮಗಾರಿ ಇದ್ದ ಜಾಗಕ್ಕೆ ಹೋಗಿ ತೋರಿಸಬೇಕು. ತಾರೀಖು ಮೊದಲೇ ತಿಳ್ಕೊಳ್ಳಿ. ಒಬ್ಬರೇ ಹೋಗಬೇಡಿ, ಓಣಿಯ ನಾಲ್ಕು ಜನರನ್ನ ಕರ್ಕೊಂಡು ಹೋಗಿ. ಎಲ್ಲಾ ಕೆಲಸದ ಬಗ್ಗೆ ಕೇಳೋಕೆ ಹೋದರೆ ಒಂದಕ್ಕೂ ಉತ್ತರ ಸಿಗಲ್ಲ. ನಿಮ್ಮ ಓಣಿಯ ಒಂದು ಚರಂಡಿ ಹಿಡ್ಕೊಳ್ಳಿ. ಅಂದಾಜು ಪಟ್ಟಿಯಲ್ಲಿ ಎಷ್ಟು ಮೀಟರ್ ಇದೆ, ಬಿಲ್ಲಿನಲ್ಲಿ ಎಷ್ಟು ಮೀಟರ್ ಇದೆ ಅಂತ ಕೇಳಿ. ಆಮೇಲೆ ಟೇಪು ಹಿಡಿದು ಅವರ ಮುಂದೆಯೇ ಅಳೆಯಿರಿ.