ಕಾರಾ, ರೈಲಾ? ಬದಿಯಡ್ಕದ ಅಕ್ಕನಿಗೊಂದು ಉತ್ತರ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು. ಕ್ರಿಸ್ಮಸ್ ರಜೆಗೆ ಮನೆಯವರು ಆರು ಜನ ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ, ಬರುವಾಗ ಗೋಕರ್ಣ, ಮುರ್ಡೇಶ್ವರಕ್ಕೂ ಹೋಗುವುದು ಎಂದು ಮೈದುನ ಪ್ಲಾನು ಹಾಕಿದ್ದಾನೆ. ಹೊಸದಾಗಿ ತೆಗೆದ ಏಳು ಸೀಟಿನ ಕಾರು. ಒಟ್ಟು ನಾಲ್ಕು ದಿನ. ಬೆಳಗಿನ ಜಾವ ಮೂರಕ್ಕೆ ಹೊರಡಬೇಕಂತೆ. ಓಡಿಸುವವನು ಅವನೊಬ್ಬನೇ, ಗಂಡನಿಗೆ ಲೈಸೆನ್ಸ್ ಇದೆ, ಘಾಟಿಯಲ್ಲಿ ಧೈರ್ಯ ಇಲ್ಲ. ಮಾವನಿಗೆ ಎಪ್ಪತ್ತೈದು ದಾಟಿದೆ, ಬಿಪಿಗೆಂದು ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುತ್ತಾರೆ, ರಾತ್ರಿಗೆ ಗಂಜಿಯೇ ಆಗಬೇಕು. ಮಕ್ಕಳಿಬ್ಬರಲ್ಲಿ ಸಣ್ಣವಳಿಗೆ ತಿರುವು ಕಂಡರೆ ವಾಂತಿ. "ಎಲ್ಲರೂ ಕಾರು ಅಂತಾರೆ, ನಾನೊಬ್ಬಳೇ ರೈಲು ಅಂತೇನೆ. ನಾನು ಸುಮ್ನೆ ಹೆದರ್ತಾ ಇದ್ದೇನಾ? ನೀವೇ ಒಂದು ತೀರ್ಪು ಕೊಡಿ" ಎಂದು ಕೇಳಿದ್ದಾರೆ.

ಅಕ್ಕಾ, ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಿಮ್ಮ ಮೈದುನ ಇದನ್ನು ಓದಿದರೆ ಗುರುತು ಸಿಗದೇ ಇರದು. ಇರಲಿ, ಅದಕ್ಕೆ ನಾನು ಜವಾಬ್ದಾರಿ ಅಲ್ಲ.

ನೀವು ಸುಮ್ನೆ ಹೆದರುತ್ತಿಲ್ಲ. ಆದರೆ ಕಾರಿನ ಪರವಾಗಿ ಹೇಳುವುದಕ್ಕೂ ಬೇಕಾದಷ್ಟಿದೆ. ಅದನ್ನು ಮೊದಲು ಹೇಳದಿದ್ದರೆ ಅವರಿಗೆ ಅನ್ಯಾಯ ಆಗುತ್ತದೆ.

ಕಾರು ನಿಮ್ಮ ಅಂಗಳದಿಂದ ಹೊರಡುತ್ತದೆ. ಬ್ಯಾಗು ಹೊತ್ತುಕೊಂಡು ಪ್ಲಾಟ್‌ಫಾರ್ಮಿನ ಮೆಟ್ಟಿಲು ಹತ್ತಿ ಇಳಿಯುವ ಕಷ್ಟ ಇಲ್ಲ. ಮಾವನ ಗಂಜಿಯ ಸಮಸ್ಯೆಗೂ ಡಿಕ್ಕಿಯಲ್ಲಿ ಪರಿಹಾರ ಇದೆ: ಎರಡು ಸೇರು ಕುಚ್ಚಲಕ್ಕಿ, ಒಂದು ಕರೆಂಟಿನ ಕುಕ್ಕರು, ಉಪ್ಪಿನಕಾಯಿ ಬಾಟಲಿ. ಬಾದಾಮಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಎಷ್ಟು ಬೇಕಾದರೂ ಸಿಗುತ್ತದೆ, ನಮ್ಮ ಗಂಜಿ ಎಲ್ಲಿಂದ ಸಿಗಬೇಕು? ಮನೆಯ ಆರೂ ಜನ ಇಡೀ ದಿನ ಒಂದೇ ಕಡೆ ಕೂತು ಮಾತಾಡುವುದು ಈಗ ಮದುವೆ ಮನೆಯಲ್ಲೂ ಇಲ್ಲ. ರೈಲಿನಲ್ಲಾದರೆ ಮಕ್ಕಳು ಫೋನ್ ಹಿಡಿದು ಮೇಲಿನ ಬರ್ತ್ ಸೇರಿಬಿಡುತ್ತಾರೆ.

ಎಲ್ಲಕ್ಕಿಂತ ದೊಡ್ಡದು, ಕಾರನ್ನು ನಿಲ್ಲಿಸಬಹುದು. ಮರವಂತೆಗೆ ಬರುವಾಗ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಅಲ್ಲಿ ಇಳಿದು ಅರ್ಧ ಗಂಟೆ ನಿಲ್ಲುವುದಕ್ಕೆ ಯಾರ ಅಪ್ಪಣೆಯೂ ಬೇಡ. ಎಲ್ಲೋ ಬಿಸಿ ಬನ್ಸ್ ಕಂಡಿತು, ನಿಲ್ಲಿಸಿ. ಮಗುವಿಗೆ ಹೊಟ್ಟೆ ತೊಳಸಿತು, ನಿಲ್ಲಿಸಿ. ಪ್ಲಾನಿನಲ್ಲಿ ಇಲ್ಲದ ಒಂದು ಹಳೇ ಬಸದಿಯ ಬೋರ್ಡು ಕಂಡಿತು, ತಿರುಗಿಸಿ.

ಈಗ ನಿಮ್ಮ ಮೈದುನನ ಪ್ಲಾನು ನೋಡೋಣ. ಇದರಲ್ಲಿ ನಿಲ್ಲಿಸುವುದಕ್ಕೆ ಎಲ್ಲಿದೆ ಪುರುಸೊತ್ತು?

ನಮ್ಮ ಕಡೆಯಿಂದ ಮಂಗಳೂರು, ಆಗುಂಬೆ, ಶಿವಮೊಗ್ಗ, ಹರಿಹರ ದಾರಿಯಾಗಿ ಹಂಪಿಗೆ ಸುಮಾರು 450 ಕಿ.ಮೀ. ಫೋನಿನ ನಕ್ಷೆ ಒಂದು ಹೊತ್ತು ತೋರಿಸುತ್ತದೆ, ಅದರಲ್ಲಿ ಚಾ ಕುಡಿಯುವುದು, ಮಾವ ಇಳಿಯುವುದು, ಸಣ್ಣವಳ ಬಟ್ಟೆ ಬದಲಿಸುವುದು ಯಾವುದೂ ಸೇರಿಲ್ಲ. ಆರು ಜನರ ಬಳಗಕ್ಕೆ ಹನ್ನೆರಡು ಗಂಟೆ ಹಿಡಿಯಿರಿ. ಹಂಪಿಯಿಂದ ಬಾದಾಮಿಗೆ 140 ಕಿ.ಮೀ. ಹತ್ತಿರ. ಬಾದಾಮಿಯಿಂದ ಪಟ್ಟದಕಲ್ಲು 22, ಅಲ್ಲಿಂದ ಐಹೊಳೆ ಇನ್ನೂ ಮುಂದೆ. ವಾಪಸು ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಕರಾವಳಿ ಹಿಡಿದು ಬಂದರೆ ಐನೂರರ ಮೇಲೆ. ಎಲ್ಲ ಕೂಡಿಸಿದರೆ ಹತ್ತಿರ ಹತ್ತಿರ 1,200 ಕಿ.ಮೀ. ನಾಲ್ಕು ದಿನದಲ್ಲಿ ಎರಡು ದಿನ ಪೂರ್ತಿ ರಸ್ತೆಗೇ ಹೋಯಿತು. ಉಳಿದ ಎರಡು ದಿನದಲ್ಲಿ ವಿಜಯನಗರದವರದ್ದೂ ಚಾಲುಕ್ಯರದ್ದೂ ಎಲ್ಲ ಮುಗಿಸಬೇಕು. ಗೋಕರ್ಣಕ್ಕೆ ರಾತ್ರಿ ಮುಟ್ಟುತ್ತೀರಿ, ಮರವಂತೆ ಕತ್ತಲೆಯಲ್ಲಿ ದಾಟುತ್ತದೆ. ನಿಲ್ಲಿಸಲು ಪುರುಸೊತ್ತಿಲ್ಲದ ಮೇಲೆ ಕಾರು ಅಂದರೆ ನಾವೇ ಓಡಿಸಿಕೊಂಡು ಹೋಗುವ ಎಕ್ಸ್‌ಪ್ರೆಸ್ ಬಸ್ಸು, ಅಷ್ಟೇ.

ಇನ್ನೊಂದು ವಿಷಯ. ಕಾರು ಬೇಕು ಅನ್ನುವವರಿಗೂ ಅದರ ಕಷ್ಟ ಅನುಭವಿಸುವವರಿಗೂ ಸಂಬಂಧ ಇರುವುದು ಕಡಿಮೆ. ನಿಮ್ಮ ಮನೆಯಲ್ಲಿ ಮಕ್ಕಳಿಗೆ ಗಮ್ಮತ್ತು, ಗಂಡನಿಗೆ ಕಿಟಕಿ ಸೀಟು. ಅವಲಕ್ಕಿ, ಚಪಾತಿ, ಬಿಸಿನೀರಿನ ಫ್ಲಾಸ್ಕು, ವಾಂತಿಯ ಕವರು, ಮಾವನ ಮಾತ್ರೆ ಎಲ್ಲ ನಿಮ್ಮ ತಲೆ ಮೇಲೆ. ಮೂರು ಗಂಟೆಗೆ ಹೊರಡಬೇಕಾದರೆ ನೀವು ಒಂದೂವರೆಗೆ ಏಳಬೇಕು. ಇದನ್ನು ಆ ಪ್ಲಾನಿನಲ್ಲಿ ಯಾರಾದರೂ ಬರೆದಿದ್ದಾರಾ?

ಕಷ್ಟ ಅನುಭವಿಸುವ ಮತ್ತೊಬ್ಬರು ಸ್ವತಃ ನಿಮ್ಮ ಮೈದುನ, ಅವರಿಗೆ ಈಗ ಗೊತ್ತಾಗುವುದಿಲ್ಲ. ಹಿಂದಿನ ರಾತ್ರಿ ಬ್ಯಾಗು ಕಟ್ಟಿ, ಟಯರಿನ ಗಾಳಿ ನೋಡಿ ಮಲಗುವಾಗ ಹನ್ನೊಂದು. ಮೂರಕ್ಕೆ ಸ್ಟೇರಿಂಗ್ ಹಿಡಿದರೆ ನಾಲ್ಕು ಗಂಟೆಯ ನಿದ್ದೆಯೂ ಆಗಿರುವುದಿಲ್ಲ. ಮನುಷ್ಯನ ದೇಹಕ್ಕೆ ನಿದ್ದೆ ಒತ್ತಿ ಬರುವುದು ಬೆಳಗಿನ ಜಾವ ಎರಡರಿಂದ ಐದು, ಆಮೇಲೆ ಮಧ್ಯಾಹ್ನ ಊಟದ ನಂತರ. ಎಲ್ಲರೂ ಘಾಟಿಗೆ ಹೆದರುತ್ತಾರೆ. ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು ಇದೆ, ನಿಜ, ಆದರೆ ಅಲ್ಲಿ ಭಯವೇ ಕಣ್ಣು ತೆರೆಸಿ ಇಟ್ಟಿರುತ್ತದೆ. ನನಗೆ ಹೆದರಿಕೆ ಹರಿಹರ ದಾಟಿದ ಮೇಲಿನ ನೇರ ರಸ್ತೆಯದ್ದು: ಬಿಸಿಲು, ಹೊಟ್ಟೆ ತುಂಬಾ ಊಟ, ಏಸಿ, ಹಿಂದೆ ಎಲ್ಲರೂ ನಿದ್ದೆ. ಸಂಬಳಕ್ಕೆ ಬಸ್ಸು ಓಡಿಸುವ ಚಾಲಕರಿಗೆ 1961ರ ಕಾನೂನು ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿತ್ತು, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಕೊಡಲೇಬೇಕಿತ್ತು. ವರ್ಷವಿಡೀ ಅದೇ ಕೆಲಸ ಮಾಡುವವರಿಗೇ ಇಷ್ಟು. ರಜೆಗೆ ಮಾತ್ರ ದೂರ ಓಡಿಸುವ ಮೈದುನನಿಗೆ ಹನ್ನೆರಡು ಗಂಟೆ ಅಂದರೆ ಹೇಗೆ?

ಶೌಚಾಲಯದ ಬಗ್ಗೆ ನೀವು ಒಂದೇ ಸಾಲು ಬರೆದು ಸಂಕೋಚದಿಂದ ಮುಂದೆ ಹೋಗಿದ್ದೀರಿ. ನನ್ನ ಪ್ರಕಾರ ಅರ್ಧ ತೀರ್ಪು ಅಲ್ಲೇ ಇದೆ. ಗಂಡಸರಿಗೆ ದಾರಿ ಬದಿಯ ಮರ ಸಾಕು. ಹೆಂಗಸರು ಇದೇ ಕಾರಣಕ್ಕೆ ಬೆಳಗಿನಿಂದ ನೀರು ಕುಡಿಯುವುದಿಲ್ಲ, ಸಂಜೆಗೆ ತಲೆನೋವು, ಮನೆಗೆ ಬಂದ ಮೇಲೆ ಉರಿಮೂತ್ರ. ಕೇರಳದೊಳಗೆ 'ಟೇಕ್ ಎ ಬ್ರೇಕ್' ಅಂತ ಸರ್ಕಾರ ಅಲ್ಲಲ್ಲಿ ಕಟ್ಟಿಸಿದ್ದಾದರೂ ಇದೆ. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಪೆಟ್ರೋಲ್ ಬಂಕು, ದೊಡ್ಡ ಹೋಟೆಲು ನೋಡಿಕೊಂಡೇ ಹೋಗಬೇಕು. ಒಂದು ಬಂಕಿನಲ್ಲಿ ಬೀಗ ಹಾಕಿ ಕೀಲಿ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲದ್ದನ್ನು ನಾನೇ ನೋಡಿದ್ದೇನೆ. ಮಾವನಿಗಂತೂ ಬೆಳಿಗ್ಗೆ ಆ ಮಾತ್ರೆ ನುಂಗಿದರೆ ಆಮೇಲೆ ನಾಲ್ಕೈದು ಗಂಟೆ ಪದೇ ಪದೇ ಇಳಿಯಬೇಕಾಗುತ್ತದೆ. ಪ್ರಯಾಣದ ದಿನ ಮಾತ್ರೆಯ ಹೊತ್ತು ಬದಲಿಸಬಹುದಾ ಎಂದು ಡಾಕ್ಟರ ಹತ್ತಿರ ಕೇಳಿ, ನೀವಾಗಿ ನಿಲ್ಲಿಸಬೇಡಿ. ರೈಲಿನ ಶೌಚಾಲಯ ಎಷ್ಟು ಕೊಳಕಿದ್ದರೂ ಹತ್ತು ಹೆಜ್ಜೆಯಲ್ಲಿದೆ, ಯಾರನ್ನೂ ಕೇಳಬೇಕಾಗಿಲ್ಲ.

ಸಣ್ಣವಳ ವಾಂತಿಗೆ: ಏಳು ಸೀಟಿನ ಕಾರಿನಲ್ಲಿ ಮಕ್ಕಳನ್ನು ಹಿಂದಿನ ಸಾಲಿಗೆ ತಳ್ಳುವುದು ರೂಢಿ. ಕುಲುಕು ಜಾಸ್ತಿ ಅಲ್ಲೇ, ಹೊರಗೆ ಕಾಣುವುದು ಕಡಿಮೆಯೂ ಅಲ್ಲೇ. ದೇಹ ತಿರುಗುತ್ತಿದೆ ಅಂತ ಕಿವಿಯ ಒಳಭಾಗ ಹೇಳುತ್ತದೆ, ಎಲ್ಲ ಸ್ಥಿರವಾಗಿದೆ ಅಂತ ಕಣ್ಣು ಹೇಳುತ್ತದೆ, ಈ ಗಲಾಟೆಯಲ್ಲಿ ಹೊಟ್ಟೆ ತೊಳಸುತ್ತದೆ. ನಡುವಿನ ಸಾಲಿನಲ್ಲಿ ಕೂರಿಸಿ, ಮುಂದಿನ ರಸ್ತೆ ನೋಡಲಿ, ಫೋನ್ ಕೊಡಬೇಡಿ. ಮಾತ್ರೆ ಕೊಡುವುದಾದರೆ ಘಾಟಿ ಶುರುವಾದ ಮೇಲೆ ಕೊಟ್ಟು ಉಪಯೋಗ ಇಲ್ಲ, ಮೊದಲೇ ಕೊಡಬೇಕು. ಎಷ್ಟು ಅಂತ ಡಾಕ್ಟರು ಹೇಳಲಿ.

ದುಡ್ಡಿನ ವಿಚಾರ. "ಆರು ಟಿಕೆಟಿಗಿಂತ ಕಾರೇ ಲಾಭ" ಎಂದು ಮೈದುನನ ವಾದ. ತುಂಬಿದ ಏಳು ಸೀಟಿನ ಪೆಟ್ರೋಲ್ ಕಾರು, ಏಸಿ ಹಾಕಿಕೊಂಡು, ಲೀಟರಿಗೆ 13 ಕಿ.ಮೀ. ಕೊಟ್ಟಿತು ಅಂತ ಇಟ್ಟುಕೊಳ್ಳಿ. 1,200 ಕಿ.ಮೀ.ಗೆ 90 ಲೀಟರ್ ದಾಟುತ್ತದೆ, ಅಂದರೆ ಒಂಬತ್ತು ಸಾವಿರದ ಮೇಲೆ. ಅದರ ಮೇಲೆ ಟೋಲು. ಫಾಸ್ಟ್ಯಾಗಿನ ವಾರ್ಷಿಕ ಪಾಸು 2025ರ ಆಗಸ್ಟ್ 15ರಿಂದ ಸಿಗುತ್ತಿದೆ, ಶುರುವಿನಲ್ಲಿ ಇಟ್ಟ ದರ 3,000 ರೂಪಾಯಿ, ಒಂದು ವರ್ಷ ಅಥವಾ 200 ಸಲ. ರಾಷ್ಟ್ರೀಯ ಹೆದ್ದಾರಿಗೆ ಮಾತ್ರ, ರಾಜ್ಯ ಹೆದ್ದಾರಿಯ ಟೋಲಿಗೆ ನಡೆಯುವುದಿಲ್ಲ. ವಾರವಾರ ಮಂಗಳೂರಿಗೆ ಹೋಗುವವರಾದರೆ ಲಾಭವೇ. ಟ್ಯಾಂಕು ತಲಪಾಡಿ ದಾಟಿ, ಪೆಟ್ರೋಲು ಅಗ್ಗ ಇರುವಲ್ಲಿ ತುಂಬಿಸಿ ಅಂತ ನಾನು ಹೇಳಬೇಕಾಗಿಲ್ಲ, ಕಾಸರಗೋಡಿನವರಿಗೆ ಅದು ಹುಟ್ಟಿನಿಂದ ಬಂದ ಬುದ್ಧಿ. ಸ್ಲೀಪರಿನಲ್ಲಾದರೆ ಆರು ಜನರಿಗೆ ರೈಲೇ ಅಗ್ಗ. ಥರ್ಡ್ ಏಸಿ ಹಾಕಿ, ಅಲ್ಲಿ ಟ್ಯಾಕ್ಸಿಯನ್ನೂ ಹಿಡಿದರೆ ಕಾರಿಗಿಂತ ಜಾಸ್ತಿ ಆಗಬಹುದು. ಆ ಜಾಸ್ತಿ ದುಡ್ಡಿಗೆ ಮೈದುನನಿಗೆ ನಿದ್ದೆ ಸಿಗುತ್ತದೆ. ಹಾಂ, ಕೇರಳದಲ್ಲಿ 2023ರ ಜೂನಿನಲ್ಲಿ ಎಐ ಕ್ಯಾಮೆರಾ ದಂಡ ಶುರುವಾದ ಮೇಲೆ ನಮ್ಮವರೆಲ್ಲ ಬೆಲ್ಟು ಹಾಕಲು ಕಲಿತರು, ತಲಪಾಡಿ ದಾಟಿದ ಕೂಡಲೇ ಬಿಚ್ಚುವವರೂ ಇದ್ದಾರೆ. ಕಾರಲ್ಲೇ ಹೋಗುವುದಾದರೆ ಹಿಂದೆ ಕೂತವರೂ ಹಾಕಿ.

ರೈಲಿನ ವಿಷಯ. ಮಂಗಳೂರಿನಿಂದ ವಿಜಯಪುರಕ್ಕೆ ಹೋಗುವ ರೈಲು ಹಾಸನ, ಅರಸೀಕೆರೆ, ಹುಬ್ಬಳ್ಳಿ, ಗದಗ ದಾರಿಯಾಗಿ ರಾತ್ರಿಯಿಡೀ ಓಡಿ ಬೆಳಿಗ್ಗೆ ಬಾದಾಮಿಗೆ ಇಳಿಸುತ್ತದೆ. ಇದು ನಮ್ಮಲ್ಲಿ ಜಾಸ್ತಿ ಜನರಿಗೆ ಗೊತ್ತೇ ಇಲ್ಲ. ನಿಲ್ದಾಣದಿಂದ ಊರು ಐದು ಕಿ.ಮೀ. ಹತ್ತಿರ. ಕಾಸರಗೋಡಿನಿಂದ ಮಂಗಳೂರಿಗೆ ನಿಮಗೆ ದಾರಿ ಹೇಳಬೇಕಾಗಿಲ್ಲ. ಸಮಯ ಬದಲಾಗುತ್ತಾ ಇರುತ್ತದೆ, ಟಿಕೆಟ್ ತೆಗೆಯುವ ಮೊದಲು ನೋಡಿಕೊಳ್ಳಿ.

ರೈಲಿಗೂ ದೋಷ ಇದೆ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಏರುವ ದಾರಿಯಲ್ಲಿ 57 ಸುರಂಗ ಇವೆ, ಕತ್ತಲಾದ ಮೇಲೆ ಏರಿದರೆ ಸುರಂಗ ಯಾವುದು ಹೊರಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು, ಮತ್ತೆ ಬಂದಿಲ್ಲ. ಮಾವನ ವಯಸ್ಸು ಸರಿಯಾಗಿ ಹಾಕಿದರೆ ಕೆಳಗಿನ ಬರ್ತ್ ಸಿಗುವ ಸಾಧ್ಯತೆ ಮಾತ್ರ ಜಾಸ್ತಿ. ರೈಲು ತಡವಾದರೆ ಮಂಗಳೂರು ನಿಲ್ದಾಣದಲ್ಲಿ ಮಕ್ಕಳನ್ನು ಹಿಡಿದುಕೊಂಡು ಕೂರಬೇಕು.

ಒಂದು ಒಳ್ಳೇದು, ನೀವು ಆರಿಸಿದ ಹೊತ್ತು ಸರಿ ಇದೆ. ನಮ್ಮ ಮಕ್ಕಳಿಗೆ ಕರ್ನಾಟಕದವರ ಹಾಗೆ ದಸರಾಕ್ಕೆ ಉದ್ದ ರಜೆ ಇಲ್ಲ. ಓಣಂ ರಜೆಗೆ ಮಳೆ ಬಿಟ್ಟಿರುವುದಿಲ್ಲ, ಏಪ್ರಿಲ್‌ನಲ್ಲಿ ಹಂಪಿಯ ಕಲ್ಲು ಕಾಲು ಸುಡುತ್ತದೆ. ಮಳೆಯಲ್ಲಿ ರೈಲೂ ಒಂದೇ, ರಸ್ತೆಯೂ ಒಂದೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದದ್ದನ್ನು ಕೇರಳದವರೆಲ್ಲ ಎಷ್ಟು ದಿನ ಟಿವಿ ಮುಂದೆ ಕೂತು ನೋಡಿದ್ದೇವೆ. ಅದೇ ತಿಂಗಳಲ್ಲಿ ಈ ರೈಲಿನ ಘಾಟಿಯ ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೂ ಕುಸಿದು ರೈಲು ನಿಂತಿತ್ತು. ಡಿಸೆಂಬರ್‌ನಲ್ಲಿ ಆ ಚಿಂತೆ ಇಲ್ಲ.

ಹಾಗಾಗಿ ನನ್ನ ತೀರ್ಪು: ಹೋಗುವುದಕ್ಕೂ ಬರುವುದಕ್ಕೂ ರೈಲು, ಅಲ್ಲಿ ಟ್ಯಾಕ್ಸಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ ನಡುವೆ ಬಸ್ಸು ನಂಬಿ ಕೂರಲಾಗುವುದಿಲ್ಲ, ಅಲ್ಲಿ ವಾಹನ ಬೇಕೇ ಬೇಕು. ಹಳದಿ ಬೋರ್ಡಿನದ್ದೇ ಹಿಡಿಯಿರಿ. ಯಾರದ್ದೋ ಪರಿಚಯದ ಬಿಳಿ ಬೋರ್ಡಿನ ಕಾರಿಗೆ ಬಾಡಿಗೆ ಕೊಟ್ಟು ಹೋದರೆ, ಏನಾದರೂ ಆದಾಗ ವಿಮೆಯವರು ಕೈ ಎತ್ತಿಬಿಡಬಹುದು. ಅಲ್ಲಿಂದ ಅದರಲ್ಲೇ ಹಂಪಿಗೆ ಹೋಗಿ ಬನ್ನಿ. ವಿಠ್ಠಲ ದೇವಸ್ಥಾನದ ಹತ್ತಿರಕ್ಕೆ ಯಾರ ಕಾರನ್ನೂ ಬಿಡುವುದಿಲ್ಲ, ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಇದೆ, ಮಾವನಿಗೆ ಅದೇ ಆರಾಮ. ಬಾದಾಮಿಯ ಗುಹೆಗಳಿಗೆ ಮಾತ್ರ ಮೆಟ್ಟಿಲೇ ಗತಿ. ಕುಕ್ಕರಿಗೆ ರೈಲಿನಲ್ಲೂ ಜಾಗ ಇದೆ, ಹೊರುವ ಕೆಲಸ ಮೈದುನನಿಗೆ ಕೊಡಿ.

ಹೊಸ ಕಾರು ತೆಗೆದವರ ಆಸೆಯನ್ನೂ ಪೂರ್ತಿ ಮುರಿಯಬೇಡಿ. ಜನವರಿಯಲ್ಲೊಂದು ಶನಿವಾರ ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ಹಿಡಿದು ಮಡಿಕೇರಿಗೆ ಹೊರಡಿ. ಕೊಡಗಿಗೆ ರೈಲೇ ಇಲ್ಲ, ದೂರವೂ ಕಡಿಮೆ, ಬೆಳಿಗ್ಗೆ ತಿಂಡಿ ತಿಂದು ಏಳಕ್ಕೆ ಹೊರಟರೂ ಸಾಕು. ಬೇಕಾದಲ್ಲಿ ನಿಲ್ಲಿಸಬಹುದು. ಅಂಥ ದಾರಿಗೆ ಕಾರೇ ಸರಿ, ಅಲ್ಲಿ ನಾನೂ ಮೈದುನನ ಪಕ್ಷ.

ಟಿಕೆಟ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, 2024ರ ನವೆಂಬರಿಗೆ ಮೊದಲು 120 ಇತ್ತು. ಕ್ರಿಸ್ಮಸ್ ಹೊತ್ತಿನದ್ದಾದರೆ ತೆರೆದ ದಿನವೇ ಬೆಳಿಗ್ಗೆ ಎಂಟಕ್ಕೆ ಕೂರಬೇಕು, ಹೋಗುವುದನ್ನೂ ಬರುವುದನ್ನೂ ನೋಡಿ. ವೈಟಿಂಗ್ ಲಿಸ್ಟಿಗೆ ಬಿದ್ದು ಮನೆಯಲ್ಲಿ ಮತ್ತೆ ಕಾರಿನ ಮಾತು ಎದ್ದರೆ ಎರಡು ಶರ್ತ ಹಾಕಿ. ಮೂರು ಗಂಟೆಗೆ ಹೊರಡುವುದಿಲ್ಲ, ಬೆಳಕು ಹರಿದ ಮೇಲೆ ಹೊರಟು ಮೊದಲ ರಾತ್ರಿ ಶಿವಮೊಗ್ಗದಲ್ಲಿ ತಂಗುವುದು, ಮರುದಿನ ನೇರ ರಸ್ತೆಯಲ್ಲಿ ಸ್ವಲ್ಪ ದೂರ ನಿಮ್ಮ ಯಜಮಾನರು ಓಡಿಸುವುದು. ಇದಕ್ಕೆ ದಿನ ಸಾಲದಿದ್ದರೆ ಗೋಕರ್ಣ, ಮುರ್ಡೇಶ್ವರ ಬಿಡಿ. ಮಂಗಳೂರಿನಿಂದ ಕೊಂಕಣ ರೈಲು ಹತ್ತಿದರೆ ಗೋಕರ್ಣಕ್ಕೂ ಮುರ್ಡೇಶ್ವರಕ್ಕೂ ಬೇರೆ ಬೇರೆ ನಿಲ್ದಾಣವೇ ಇದೆ, ಇನ್ನೊಂದು ಸಲ ಹೋಗಬಹುದು.