ಕೊರಿಯಾ ಗಿಡಕ್ಕೆ ನಿಂಬೆಯ ಉಪಚಾರ ಬೇಡ

ಪ್ರಶ್ನೆ: ಕಳೆದ ವಸಂತದಲ್ಲಿ ಹಿತ್ತಲಿನಲ್ಲಿ ಕೊರಿಯಾ ರಿಫ್ಲೆಕ್ಸಾ ಗಿಡ ನೆಟ್ಟೆವು. ನಿಂಬೆಯ ಕುಟುಂಬದ್ದೆಂದು ನರ್ಸರಿಯವರು ಹೇಳಿದ್ದರಿಂದ ನಿಂಬೆ ಗಿಡಕ್ಕೆ ಕೊಡುವಂತೆಯೇ ಕೋಳಿಗೊಬ್ಬರ ಹಾಕಿ, ದಿನವೂ ನೀರುಣಿಸುತ್ತಿದ್ದೇವೆ. ಈಗ ಎಲೆಗಳು ಹಳದಿಯಾಗಿ ಉದುರುತ್ತಿವೆ. ಏನು ಮಾಡಲಿ? ಈ ಎಲೆ ಅಡುಗೆಗೆ ಬರುತ್ತದೆಯೇ?
– ಓದುಗರೊಬ್ಬರು, ಮೆಲ್ಬರ್ನ್

ಉತ್ತರ: ಇಂದೇ ನೀರು, ಗೊಬ್ಬರ ಎರಡನ್ನೂ ನಿಲ್ಲಿಸಿ. ನರ್ಸರಿಯವರು ಹೇಳಿದ್ದು ನಿಜ, ಆದರೆ ಕುಟುಂಬ ಒಂದಾದರೂ ಊಟ ಬೇರೆ. ನಿಂಬೆಗೆ ಹೊಟ್ಟೆತುಂಬ ಗೊಬ್ಬರ ಬೇಕು. ಕೊರಿಯಾ ಆಗ್ನೇಯ ಆಸ್ಟ್ರೇಲಿಯಾದ ಬಡ ಮಣ್ಣಿನಲ್ಲಿ, ನೀಲಗಿರಿ ಮರಗಳ ಅರೆನೆರಳಿನಲ್ಲಿ ತಾನಾಗಿಯೇ ಬೆಳೆದ ಪೊದೆ. ಅದಕ್ಕೆ ನೀರು ನಿಲ್ಲದ ಜಾಗವೇ ಮುಖ್ಯ.

ಬುಡದ ಪಕ್ಕ ಮೆಲ್ಲಗೆ ಅಗೆದು ನೋಡಿ. ಬೇರು ಬೆಳ್ಳಗೆ, ಗಟ್ಟಿಯಾಗಿದ್ದರೆ ಗಿಡ ಚೇತರಿಸಿಕೊಳ್ಳುತ್ತದೆ. ಕೋಳಿಗೊಬ್ಬರವನ್ನು ಕೆರೆದು ತೆಗೆದು, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ. ಬೇರು ಕಂದಾಗಿ ಮೆತ್ತಗಾಗಿದ್ದರೆ ಕೊಳೆರೋಗ ಹಿಡಿದಿದೆ, ಉಳಿಸುವುದು ಕಷ್ಟ. ಮಣ್ಣು ಜೇಡಿಯಾಗಿದ್ದರೆ ಮುಂದಿನ ಗಿಡವನ್ನು ಎತ್ತರಿಸಿದ ದಿಬ್ಬದ ಮೇಲೆ ನೆಡಿ. ಗೊಬ್ಬರ ಕೊಡಲೇಬೇಕೆನಿಸಿದರೆ ಸ್ಥಳೀಯ ಗಿಡಗಳಿಗೆಂದೇ ಮಾರುವ, ರಂಜಕ ಕಡಿಮೆಯಿರುವ ಗೊಬ್ಬರ ಒಂದಿಷ್ಟು ಸಾಕು.

ಅಡುಗೆಗೆ ಬೇಡ. ಎಲೆಯನ್ನು ಬೆಳಕಿಗೆ ಹಿಡಿದರೆ ಕಾಣುವ ತೈಲಗ್ರಂಥಿಗಳು ನಮ್ಮ ಕರಿಬೇವಿನಲ್ಲಿಯೂ ಇವೆ, ಅದೂ ಇದೇ ಕುಟುಂಬದ್ದೇ. ಆದರೆ ಅಷ್ಟರಿಂದಲೇ ಒಗ್ಗರಣೆಗೆ ಹಾಕುವುದು ಸರಿಯಲ್ಲ. ಆಸ್ಟ್ರೇಲಿಯಾ ಮುಖ್ಯಭೂಮಿ ಮತ್ತು ಟಾಸ್ಮೇನಿಯಾ ನಡುವಿನ ಬಾಸ್ ಜಲಸಂಧಿಯ ದ್ವೀಪಗಳಲ್ಲಿ ಸೀಲ್ ಬೇಟೆಗಾರರು ಚಹಾದ ಬದಲಿಗೆ ಎಲೆ ಕುದಿಸುತ್ತಿದ್ದುದು ಕೊರಿಯಾ ಆಲ್ಬಾ ಎಂಬ ಬಿಳಿ ಹೂವಿನ ಜಾತಿಯದು, ನಿಮ್ಮದಲ್ಲ.

ಈ ಕುಲಕ್ಕೆ ಪೋರ್ಚುಗೀಸ್ ಸಸ್ಯವಿಜ್ಞಾನಿ ಜೋಸೆ ಕೊರಿಯಾ ದ ಸೆರ್ರಾ ಅವರ ಹೆಸರನ್ನಿಟ್ಟಿದ್ದಾರೆ. ನಮ್ಮ ಬಿಲ್ವಪತ್ರೆಯ ಮರವನ್ನು ಈಗಲ್ (Aegle) ಎಂಬ ಕುಲಕ್ಕೆ ಸೇರಿಸಿದವರೂ ಅವರೇ! ಬಿಲ್ವದ ಸಸ್ಯಶಾಸ್ತ್ರೀಯ ಹೆಸರಿನ ಕೊನೆಯಲ್ಲಿ ಇಂದಿಗೂ ಅವರ ಹೆಸರಿದೆ.

ಗಿಡ ಉಳಿದರೆ ಶರತ್ಕಾಲದಿಂದ ಚಳಿಗಾಲದುದ್ದಕ್ಕೂ ಹೂ ಕೊಡುತ್ತದೆ. ನಾಲ್ಕು ದಳಗಳು ಬೆಸೆದು ಜೋತುಬಿದ್ದ ಗಂಟೆಯಂತಾಗುವ ಈ ಹೂವಿನ ಮಕರಂದಕ್ಕೆ ಉದ್ದ ಬಾಗಿದ ಕೊಕ್ಕಿನ ಈಸ್ಟರ್ನ್ ಸ್ಪೈನ್‌ಬಿಲ್ ಹಕ್ಕಿ ಬರುತ್ತದೆ. ಬೇರೆ ಹೂಗಳು ವಿರಳವಾದ ತಿಂಗಳುಗಳಲ್ಲಿ ಅದಕ್ಕೆ ಈ ಗಿಡ ದೊಡ್ಡ ಆಸರೆ. ನನಗೆ ಕೊರಿಯಾ ಇಷ್ಟವಾಗುವುದೇ ಈ ಕಾರಣಕ್ಕೆ. ಹೂ ಮುಗಿದೊಡನೆ ತುದಿಗಳನ್ನು ಹಗುರವಾಗಿ ಸವರಿ, ಪೊದೆ ಒತ್ತಾಗುತ್ತದೆ. ಈಗಲೇ ಆರೋಗ್ಯವಂತ ರೆಂಬೆಗಳಿಂದ ಅರೆಬಲಿತ ನಾಲ್ಕಾರು ತುದಿಕಡ್ಡಿಗಳನ್ನು ಮರಳು ಬೆರೆಸಿದ ಮಣ್ಣಿನಲ್ಲಿ ಊರಿಡಿ. ತಾಯಿಗಿಡ ಹೋದರೂ ಅದೇ ಗಿಡ ಮತ್ತೆ ನಿಮ್ಮಲ್ಲಿರುತ್ತದೆ.