ಆಪ್ತಸಲಹೆ ಪ್ರಕರಣ: ನಾಳೆಯ ಕಾಳನ್ನು ನೆನೆಸುವವರು ಯಾರು?

ಈ ದಂಪತಿಯ ಒಪ್ಪಿಗೆ ಪಡೆದು, ಅವರ ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಪತಿಗೆ 41 ವರ್ಷ, ಪತ್ನಿಗೆ 37. ಇಬ್ಬರೂ ಉದ್ಯೋಗದಲ್ಲಿದ್ದಾರೆ, 8 ವರ್ಷದ ಮಗಳಿದ್ದಾಳೆ. ನಾಲ್ಕು ವರ್ಷಗಳ ಹಿಂದೆ ಪತಿ ಮಾಂಸ, ಮೀನು, ಮೊಟ್ಟೆಗಳನ್ನು ಬಿಟ್ಟರು. ಪ್ರಾಣಿಗಳನ್ನು ಕೊಂದು ತಿನ್ನುವುದು ತಮ್ಮ ಮನಸ್ಸಿಗೆ ಒಗ್ಗುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅದನ್ನು ಮನೆಯವರ ಮೇಲೆ ಅವರು ಎಂದೂ ಹೇರಿದವರಲ್ಲ. ಹಾಲು ಮೊದಲಿನಿಂದಲೂ ಅವರಿಗೆ ಸೇರುತ್ತಿರಲಿಲ್ಲ. ಟೀಗೆ ಬೀಳುವ ಒಂದೆರಡು ಚಮಚವೇ ಅವರ ಪಾಲಿನ ಹಾಲು. ಪತ್ನಿ ಮತ್ತು ಮಗಳ ಊಟ ಹಿಂದಿನಂತೆಯೇ ಮುಂದುವರಿದಿತ್ತು. ಅವರು ನನ್ನಲ್ಲಿಗೆ ಬಂದದ್ದು ಆಹಾರದ ಪ್ರಶ್ನೆಯಿಟ್ಟುಕೊಂಡಲ್ಲ, ರಾತ್ರಿಯೂಟದ ಹೊತ್ತಿಗೆ ಹೆಚ್ಚುಕಡಿಮೆ ದಿನವೂ ಏಳುತ್ತಿದ್ದ ಜಗಳವನ್ನು ಹೇಳಿಕೊಳ್ಳಲು.

“ಇವರಿಗೆ ಏನು ಮಾಡಲಿ ಎಂದು ಕೇಳಿದರೆ, ನನಗೇನೂ ಬೇಡ, ಏನಿದ್ದರೂ ನಡೆಯುತ್ತದೆ ಎನ್ನುತ್ತಾರೆ. ಮಾಡದೆ ಬಿಟ್ಟರೆ ಅನ್ನಕ್ಕೆ ಬೇಯಿಸಿದ ಆಲೂಗಡ್ಡೆ ಕಲಸಿಕೊಂಡು ತಿಂದು ಎದ್ದುಬಿಡುತ್ತಾರೆ. ಅದನ್ನು ನೋಡುತ್ತಾ ನನ್ನ ಗಂಟಲಲ್ಲಿ ಅನ್ನ ಇಳಿಯುವುದು ಹೇಗೆ?” ಎಂದು ಪತ್ನಿ ಕೇಳಿದರು. ಪತಿ ನೊಂದ ದನಿಯಲ್ಲಿ, “ನಿನಗೆ ಕೆಲಸ ಹೆಚ್ಚಾಗಬಾರದು ಎಂದೇ ಅಲ್ಲವೇ ನಾನು ಏನನ್ನೂ ಕೇಳದಿರುವುದು?” ಎಂದರು. ಇಬ್ಬರೂ ಹೇಳಿದ್ದು ನಿಜವೇ ಆಗಿತ್ತು, ಹಾಗಾಗಿಯೇ ಆ ಜಗಳಕ್ಕೆ ಕೊನೆಯಿರಲಿಲ್ಲ.

ನಾನು ಮೊದಲು ಕೊಟ್ಟ ಸಲಹೆ ಸರಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ವಾರದ ಅಡುಗೆಯನ್ನು ಹಂಚಿಕೊಂಡು ಪಟ್ಟಿ ಬರೆಯಲು ಹೇಳಿದೆ. ಮಂಗಳವಾರ, ಗುರುವಾರ ಮತ್ತು ಶನಿವಾರದ ಅಡುಗೆ ಪತಿಯ ಪಾಲಿಗೆ ಬಂತು. ಎರಡು ವಾರಗಳ ನಂತರ ಬಂದ ಪತ್ನಿ ಮೊದಲಿಗಿಂತ ಹೆಚ್ಚು ದಣಿದಿದ್ದರು. ಅವರನ್ನು ಬಿಡಿಸಿ ಕೇಳಿದಾಗ ತಿಳಿದದ್ದೇನೆಂದರೆ, ಸೋಮವಾರ ರಾತ್ರಿ ಕಾಳು ನೆನೆಹಾಕುತ್ತಿದ್ದವರು ಅವರೇ, ಯಾವ ಕಾಳು ಮುಗಿಯುತ್ತ ಬಂದಿದೆ ಎಂದು ಡಬ್ಬಿ ತೆರೆದು ನೋಡುತ್ತಿದ್ದವರು ಅವರೇ, ಸೊಪ್ಪು ಬಾಡುವ ಮೊದಲು ಬಳಸಬೇಕೆಂದು ನೆನಪಿಸುತ್ತಿದ್ದವರೂ ಅವರೇ. ಪತಿ ಮಂಗಳವಾರ ಸಂಜೆ ಒಲೆಯ ಮುಂದೆ ನಿಂತು, ಸಿದ್ಧವಾಗಿದ್ದುದನ್ನು ಬೇಯಿಸುತ್ತಿದ್ದರು. ಕಾಳುಗಳನ್ನು ನೆಚ್ಚಿಕೊಂಡ ಅಡುಗೆಯಲ್ಲಿ ನಾಳೆಯ ಊಟದ ತೀರ್ಮಾನ ಈ ರಾತ್ರಿಯೇ ಆಗಬೇಕಾಗುತ್ತದೆ. ಆ ತೀರ್ಮಾನದ ಹೊಣೆ ಯಾರದೋ ಅಡುಗೆಯ ಹೊರೆಯೂ ಅವರದೇ ಎಂಬುದನ್ನು ನನ್ನ ಪಟ್ಟಿ ಗಮನಿಸಿರಲಿಲ್ಲ.

ಹೀಗಾಗಿ ಸಲಹೆಯನ್ನು ಬದಲಿಸಿದೆ. ಮನೆಯ ಕಾಳು, ಬೇಳೆ, ಸೊಪ್ಪು ತರಕಾರಿಗಳ ಲೆಕ್ಕ, ಖರೀದಿ, ನೆನೆಸುವುದು, ನೆನೆಸಲು ಮರೆತರೆ ಬೇರೆ ದಾರಿ ಹುಡುಕುವುದು, ಇವೆಲ್ಲವೂ ವಾರದ ಏಳು ದಿನವೂ ಪತಿಯದೇ ಕೆಲಸ; ಒಲೆಯ ಮುಂದೆ ಯಾರು ನಿಂತರೂ ಸರಿಯೇ. ಪತ್ನಿಗೆ ಹೇಳಿದ್ದು ಒಂದೇ ಮಾತು: ನೆನಪಿಸಬೇಡಿ. ಎರಡು ಅಡುಗೆಯ ಬದಲು ಒಂದೇ ಅಡುಗೆಯನ್ನು ಕೊನೆಯಲ್ಲಿ ಕವಲೊಡೆಸುವ ಕ್ರಮವನ್ನೂ ಸೂಚಿಸಿದೆ. ತರಕಾರಿ, ಬೇಳೆ, ಮಸಾಲೆಯವರೆಗೆ ಎಲ್ಲರಿಗೂ ಒಂದೇ ಪಾತ್ರೆ. ಪತಿಯ ಪಾಲನ್ನು ತೆಗೆದಿಟ್ಟ ಮೇಲೆ ಉಳಿದದ್ದಕ್ಕೆ, ಬೇಕಿದ್ದವರು, ಬೇರೆಯಾಗಿ ಬೇಯಿಸಿದ ಮಾಂಸವನ್ನು ಸೇರಿಸಿಕೊಳ್ಳಬಹುದು.

ಇಷ್ಟರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಒಂದು ವಾರ ತಿಂದದ್ದನ್ನೆಲ್ಲ ಬರೆದು ತರಲು ಪತಿಗೆ ಹೇಳಿದ್ದೆ. ಅನ್ನ, ಬ್ರೆಡ್, ಆಲೂಗಡ್ಡೆ, ಟೀ ಎಂಬ ನಾಲ್ಕೇ ಪದಗಳು ಆ ಹಾಳೆಯಲ್ಲಿ ತಿರುತಿರುಗಿ ಬಂದಿದ್ದವು. ಕೆಲವು ತಿಂಗಳಿಂದ ಕಾಲ್ಬೆರಳುಗಳು ಜುಮುಜುಮು ಎನ್ನುತ್ತಿವೆ, ಮರೆವು ಹೆಚ್ಚಿದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ ಎಂದು ಅವರು ಸಹಜವಾಗಿ ಹೇಳಿದಾಗ, ನಾನು ಅಂದಿನ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಲು ಹೇಳಿದೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಬಿ12 ಬಹಳ ಕಡಿಮೆಯಿರುವುದು ಕಂಡುಬಂದು ಚಿಕಿತ್ಸೆ ಆರಂಭವಾಯಿತು. ವರ್ತನೆಯ ತೊಂದರೆಯೆಂದು ತೋರುವುದರ ಹಿಂದೆ ದೇಹದ ಕೊರತೆಯೊಂದು ಇರಬಹುದು ಎಂಬುದನ್ನು ನಮ್ಮ ವೃತ್ತಿಯವರು ಮರೆಯಲೇಬಾರದು.

ವರದಿ ಬಂದ ದಿನ ಪತ್ನಿ ಅತ್ತರು. ತಾನು ಸರಿಯಾಗಿ ಮಾಡಿ ಬಡಿಸಲಿಲ್ಲವೆಂಬ ಭಾವನೆ ಅವರದು. ಇಲ್ಲಿ ಸಮಾಧಾನದ ಮಾತಿಗಿಂತ ತಿಳಿವಳಿಕೆ ಮುಖ್ಯವೆನಿಸಿತು. ವಯಸ್ಕರಿಗೆ ದಿನಕ್ಕೆ ಬೇಕಾದ ಬಿ12 ಕೇವಲ 2.4 ಮೈಕ್ರೋಗ್ರಾಂನಷ್ಟು, ಆದರೆ ಕಾಳು, ತರಕಾರಿ, ಸೊಪ್ಪುಗಳನ್ನು ಎಷ್ಟೇ ಚೆನ್ನಾಗಿ ಮಾಡಿ ಬಡಿಸಿದರೂ ಅದು ಅವುಗಳಿಂದ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಬಿ12 ಸೇರಿಸಿದ ಆಹಾರ ಅಥವಾ ಮಾತ್ರೆ, ಇವುಗಳಲ್ಲಿ ಯಾವುದಾದರೊಂದು ಬೇಕೇಬೇಕು. ಯಕೃತ್ತಿನಲ್ಲಿ ಕೂಡಿಟ್ಟ ಬಿ12 ಕೆಲವು ವರ್ಷಗಳ ಕಾಲ ಒದಗುವುದರಿಂದ ಕೊರತೆ ಕಾಣಿಸಿಕೊಳ್ಳುವುದು ನಿಧಾನ. ಅಷ್ಟರಲ್ಲಿ ಸಸ್ಯಾಹಾರ ತಮಗೆ ಒಗ್ಗಿತೆಂದು ಪತಿ ನಿಶ್ಚಿಂತರಾಗಿದ್ದರು. ಸಸ್ಯಾಹಾರದಲ್ಲಿ ದೋಷವಿರಲಿಲ್ಲ, ಪತ್ನಿಯ ಅಡುಗೆಯಲ್ಲೂ ಇರಲಿಲ್ಲ. ಹಾಗೆ ಬದುಕಲು ಬೇಕಾದ ತಿಳಿವಳಿಕೆಯನ್ನು ಆ ಆಯ್ಕೆ ಮಾಡಿದವರು ಸಂಪಾದಿಸಿಕೊಂಡಿರಲಿಲ್ಲ, ಅಷ್ಟೇ.

ಪತ್ನಿಯ ಇನ್ನೊಂದು ಆತಂಕವನ್ನೂ ಆಗಲೇ ಇಳಿಸಬೇಕಾಯಿತು. ಪ್ರತಿ ಹೊತ್ತಿನ ತಟ್ಟೆಯಲ್ಲೂ ಧಾನ್ಯ ಮತ್ತು ಕಾಳು ಜೊತೆಯಲ್ಲೇ ಇರದಿದ್ದರೆ ಪ್ರೋಟೀನ್ ಕೈತಪ್ಪುತ್ತದೆ ಎಂದು ಅವರು ನಂಬಿದ್ದರು. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳ ಪೈಕಿ ಧಾನ್ಯದಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಮೆಥಿಯೋನಿನ್ ಕಡಿಮೆ ಎಂಬುದು ನಿಜವಾದರೂ, ಎರಡೂ ಒಂದೇ ದಿನದ ಬೇರೆ ಬೇರೆ ಹೊತ್ತಿನಲ್ಲಿ ಸಿಕ್ಕರೆ ಸಾಕು. ಊಟದ ಜೊತೆಗೇ ಟೀ ಕುಡಿಯುವುದನ್ನು ನಿಲ್ಲಿಸಿ, ನಿಂಬೆರಸವನ್ನೋ ಟೊಮೆಟೊವನ್ನೋ ಊಟದಲ್ಲಿ ಸೇರಿಸಿದರೆ ಸಸ್ಯಮೂಲದ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಒದಗುತ್ತದೆ ಎಂದು ವೈದ್ಯರೂ ಹೇಳಿದ್ದರು.

ಬದಲಾದ ಕ್ರಮವೂ ಸುಲಭವಾಗಿ ನಡೆಯಲಿಲ್ಲ. ಮೂರನೆಯ ವಾರ ಪತಿ ರಾಜ್ಮಾವನ್ನು ಒಂದೇ ಗಂಟೆ ನೆನೆಸಿ, ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಯಲ್ಲಿ ಸಣ್ಣ ಉರಿಗಿಟ್ಟು ಬಡಿಸಿದರು. ಆ ರಾತ್ರಿ ದಂಪತಿಗಳಿಬ್ಬರಿಗೂ ವಾಂತಿ, ಮಗಳು ತಿಂದಿರಲಿಲ್ಲ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಕುದಿತಕ್ಕೆ ನಾಶವಾಗುತ್ತದೆಯೇ ಹೊರತು ಸಣ್ಣ ಕಾವಿಗಲ್ಲ. ಅದನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸುವುದು ಸುರಕ್ಷಿತ. ಮರುದಿನ ಇಬ್ಬರೂ ಸುಧಾರಿಸಿಕೊಂಡರು. ಆದರೆ ಪತ್ನಿ, “ನೀವು ಇನ್ನು ಅಡುಗೆಮನೆಗೆ ಬರಬೇಡಿ” ಎಂದುಬಿಟ್ಟಿದ್ದರು. ಅಡುಗೆಮನೆಯನ್ನು ಮರಳಿ ವಶಕ್ಕೆ ತೆಗೆದುಕೊಂಡರೆ ಆ ಒಂದು ರಾತ್ರಿಯ ಭಯ ಹೋಗಬಹುದು, ಹಳೆಯ ನಾಲ್ಕು ವರ್ಷಗಳು ಮಾತ್ರ ಹಿಂದಿರುಗುತ್ತವೆ ಎಂದು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಇನ್ನೊಂದು ತಿಂಗಳು ನೋಡೋಣ ಎಂದರು. ಅದು ಅವರ ದೊಡ್ಡತನ ಎಂದೇ ನಾನು ಭಾವಿಸುತ್ತೇನೆ.

ಮಗಳು ಒಮ್ಮೆ ಊಟದ ನಡುವೆ, “ಅಪ್ಪ ತಿನ್ನೋದು ಸರಿಯಾ, ಅಮ್ಮ ತಿನ್ನೋದು ಸರಿಯಾ?” ಎಂದು ಕೇಳಿದ್ದಳಂತೆ. ತಂದೆ ತಮ್ಮ ಕಾರಣವನ್ನು ಮುಚ್ಚಿಡದೆ ಹೇಳಲಿ, ತಾಯಿಯೂ ತಮ್ಮದನ್ನು ಹೇಳಲಿ, ಆದರೆ ಊಟ ಮುಗಿದ ಮೇಲೆ ಹೇಳಲಿ ಎಂದು ಸೂಚಿಸಿದೆ. ಇನ್ನೊಬ್ಬರ ಕೈಯಲ್ಲಿ ತುತ್ತು ಇರುವಾಗ ಆ ತುತ್ತಿನ ವಿಚಾರಣೆ ನಡೆಸಬಾರದು ಎಂಬುದನ್ನು ಮೂವರೂ ಒಪ್ಪಿದರು.

ಐದು ತಿಂಗಳ ನಂತರದ ಕೊನೆಯ ಭೇಟಿಯ ಹೊತ್ತಿಗೆ ಪತಿಯ ಬಿ12 ಮಟ್ಟ ಸರಿಹೋಗಿತ್ತು. ಕಾಲ್ಬೆರಳುಗಳ ಜುಮುಜುಮು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಮಾಂಸ ಬೇಯಿಸಿದ ಪಾತ್ರೆಯನ್ನು ಬೇರೆಯಾಗಿ ಇಡಬೇಕೇ ಎಂಬ ಚರ್ಚೆ ಇನ್ನೂ ಇತ್ಯರ್ಥವಾಗಿಲ್ಲ. ಹಿಂದಿನ ವಾರ ಒಂದು ರಾತ್ರಿ ಪತಿ ಕಾಳು ನೆನೆಸುವುದನ್ನು ಮರೆತಿದ್ದರಂತೆ. ಅದು ಪತ್ನಿಗೆ ಗೊತ್ತಿತ್ತು, ಆದರೂ ಏನೂ ಹೇಳದೆ ಮಲಗಿದರು. ಮರುದಿನ ಸಂಜೆ ಅವರು ಮನೆಗೆ ಬಂದಾಗ, ನೆನೆಸುವ ಅಗತ್ಯವಿಲ್ಲದ ಬೇಳೆ ಒಲೆಯ ಮೇಲೆ ಬೇಯುತ್ತಿತ್ತು, ಪಕ್ಕದಲ್ಲಿ ಸೊಪ್ಪು ಹೆಚ್ಚಿಟ್ಟಿತ್ತು.